ಕೆನ್ನೆಯೊಳಗಿನ ಕೋಣೆ

ಅಂಗಡಿಯ ಹಿಂದಿನ ಕೋಣೆಯಿಂದ,
ಶುಕ್ರವಾರ, ಮಾರ್ಚ್ ೧೪

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಪಾಠ ಹೇಳಿ ಹೇಳಿ ನಿನ್ನ ಗಂಟಲು ಕಟ್ಟಿಹೋಗಿದೆ ಎಂದು ಹೋದ ಸಲ ಫೋನಿನಲ್ಲೇ ಗೊತ್ತಾಯಿತು. ಬಿಸಿನೀರು ಕುಡಿ. ಊರವರ ಬಾಯೊಳಗೆ ಇಣುಕಿ ನೋಡುವ ವಿದ್ಯೆ ಕಲಿಸುವವಳು ತನ್ನ ಗಂಟಲನ್ನು ಮಾತ್ರ ನೋಡಿಕೊಳ್ಳುವುದಿಲ್ಲ ಎಂದರೆ ನಗುವವರ ಮುಂದೆ ಎಡವಿ ಬಿದ್ದಂತೆ. ಅಳಿಯಂದಿರು ಈಗಲೂ ಬೆಳಗಿನ ತಿಂಡಿ ಬಿಟ್ಟು ಓಡುತ್ತಾರೆಯೇ? ಹೊಸ ಕನ್ನಡಕ ನಿನ್ನ ಮೂಗಿಗೆ ಒಗ್ಗಿತೇ? ಎಲ್ಲಕ್ಕೂ ಬೇರೆ ಬೇರೆಯಾಗಿ ಉತ್ತರ ಬರಿ. ‘ಎಲ್ಲ ಚೆನ್ನಾಗಿದೆ’ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡ. ಆ ವಿದ್ಯೆ ನೀನು ಕಲಿತದ್ದು ನನ್ನಿಂದಲೇ, ನನಗೇ ತೋರಿಸಬೇಡ.

ಈ ವಾರ ನೀನು ಫೋನು ಮಾಡಿದಾಗಲೆಲ್ಲ ನಿನ್ನ ಅತ್ತೆ ‘ಅತ್ತಿಗೆ ಮಲಗಿದಾರೆ’ ಎಂದಳಲ್ಲ, ಅದು ನಾನೇ ಹೇಳಿಸಿದ್ದು. ಅವಳನ್ನು ಬೈಯಬೇಡ. ಹೋದ ವರ್ಷ ತನ್ನ ಅಣ್ಣ, ನಿಮ್ಮಪ್ಪ, ಹೋದಾಗ ನನ್ನ ಜೊತೆಗಿರಲು ಬಂದವಳು, ಈಗ ನನ್ನ ಪರವಾಗಿ ಸುಳ್ಳನ್ನೂ ಹೇಳಬೇಕಾಗಿದೆ ಪಾಪ. ನೀನು ಕೇಳುವುದು ಒಂದೇ ಪ್ರಶ್ನೆ ಎಂದು ನನಗೆ ಗೊತ್ತು: ‘ಆ ಹಲ್ಲು ತೆಗೆಸಿದೆಯಾ ಇಲ್ಲವಾ?’ ತೆಗೆಸಿದೆ ಅಥವಾ ಇಲ್ಲ ಅಂದರೆ ಮುಗಿಯಿತು. ಆದರೆ ಅಷ್ಟೇ ಹೇಳಿದರೆ ನಿನಗೆ ತಿಳಿಯುವುದು ಹಲ್ಲಿನ ಸಮಾಚಾರ ಮಾತ್ರ. ಅದಕ್ಕೇ ಕಾಗದ ಬರೆಯಲು ಕುಳಿತೆ. ನಿಮ್ಮಪ್ಪ ಪುಸ್ತಕ ಕಟ್ಟುವಾಗ ಕತ್ತರಿಸಿ ಉಳಿಸಿದ ಕಾಗದದ ಪಟ್ಟಿಗಳು ಇನ್ನೂ ಒಂದು ಪೆಟ್ಟಿಗೆ ತುಂಬ ಇವೆ. ಉದ್ದಕ್ಕೆ ಇವೆ ಅಗಲಕ್ಕಿಲ್ಲ, ಹಾಗಾಗಿ ನನ್ನ ಸಾಲುಗಳು ಮೊಟಕಾಗಿ ಕಂಡರೆ ಸಿಟ್ಟಿನಲ್ಲಿದ್ದೇನೆ ಎಂದುಕೊಳ್ಳಬೇಡ.

ಮೊದಲಿನಿಂದಲೇ ಹೇಳುತ್ತೇನೆ. ಫೋನಿನಲ್ಲಿ ನಾನು ನಿನಗೆ ಹೇಳಿದ್ದು ಅರ್ಧವೂ ಅಲ್ಲ.

ನಿಮ್ಮಪ್ಪನ ಅಂಟಿನ ವಾಸನೆ ನಿನಗೆ ನೆನಪಿದೆಯಲ್ಲ. ಮೂಳೆ, ತೊಗಲು ಬೇಯಿಸಿ ಮಾಡಿದ ಆ ಕಂದು ಬಿಲ್ಲೆಗಳನ್ನು ನೆನೆಹಾಕಿ, ಕಬ್ಬಿಣದ ಪಾತ್ರೆಯಲ್ಲಿ ಬಿಸಿನೀರಿನ ಮೇಲೆ ಕರಗಿಸಿ, ಕೆಡದಿರಲಿ ಎಂದು ನಾಲ್ಕು ಹನಿ ಲವಂಗದೆಣ್ಣೆ ಬಿಡುತ್ತಿದ್ದರು. ಪುಸ್ತಕದ ಬೆನ್ನು ನೂರು ವರ್ಷ ಬಿಡಬಾರದು ಎಂದರೆ ಅದೇ ಅಂಟು ಬೇಕು ಎಂಬುದು ಅವರ ಹಟ. ಕೊಳೆತದ್ದರ ಮೇಲೆ ಲವಂಗ, ಅಷ್ಟೇ ಅದರ ವಾಸನೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಆ ಕೋಣೆಯ ಬಾಗಿಲಲ್ಲೇ ವಾಂತಿ ಮಾಡಿಕೊಂಡಿದ್ದೆ. ಎಲ್ಲರೂ ಬೇರೆ ಸುದ್ದಿ ಎಂದುಕೊಂಡು ಸಂಭ್ರಮಪಟ್ಟರು. ಅವರ ಅಂಗಿಯಲ್ಲಿ, ದಿಂಬಿನಲ್ಲಿ, ನಿನ್ನ ಶಾಲೆಯ ಚೀಲದಲ್ಲಿ, ಕೊನೆಗೆ ಹಾಲಿನಲ್ಲೂ ಅದೇ ನಾತ. ನಾನು ಮೂಗು ಮುರಿದಾಗಲೆಲ್ಲ ಅವರದು ಒಂದೇ ಉತ್ತರ: ‘ಇದು ಅನ್ನದ ವಾಸನೆ ಕಣೇ.’ ನಲವತ್ತು ವರ್ಷ ಆ ಪಾತ್ರೆಗೆ ನಾನು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಅವರು ಹೋದ ಮೂರನೆಯ ದಿನ ನಿನ್ನ ಅತ್ತೆ ಅದನ್ನು ಸೋಡಾ ಹಾಕಿ ತಿಕ್ಕಿ, ಮೇಲಿನ ಹಲಗೆಯ ಮೇಲೆ ಬೋರಲು ಹಾಕಿದಳು. ನಾನು ಬೇಡವೆನ್ನಲಿಲ್ಲ.

ಅಪ್ಪನ ಕಾರ್ಯ ಮುಗಿಸಿ ನೀನು ನಿಮ್ಮೂರಿಗೆ ಹಿಂದಿರುಗಿ ಒಂದೆರಡು ತಿಂಗಳಾದ ಮೇಲೆ ಅಂಗಡಿಯ ಬೀಗ ತೆಗೆದೆ. ಮೇಜಿನ ಮೇಲೆ ಅವರು ಅರ್ಧ ಹೊಲಿದಿಟ್ಟ ಪುಸ್ತಕ ಹಾಗೇ ಇತ್ತು, ನಿವೃತ್ತ ಮೇಷ್ಟ್ರೊಬ್ಬರ ಹಳೆಯ ನಿಘಂಟು. ಹೊಲಿಗೆ ನನಗೆ ಬರುತ್ತದೆ, ಇಷ್ಟು ವರ್ಷ ಹೊಲಿದವಳೇ ನಾನಲ್ಲವೇ. ಉಳಿದರ್ಧ ಮುಗಿಸಿ ಕೊಟ್ಟುಬಿಡೋಣವೆಂದು ಸೂಜಿಗೆ ಮೇಣದ ದಾರ ಪೋಣಿಸಿಕೊಂಡು ತಲೆ ಬಗ್ಗಿಸಿದೆ. ಬಗ್ಗಿಸಿದ ಕೂಡಲೇ ವಾಸನೆ ಬಂತು ಗುಬ್ಬೀ. ಹಳೆಯದಲ್ಲ, ಗೋಡೆಗೆ ಅಂಟಿಕೊಂಡದ್ದಲ್ಲ, ಈಗಷ್ಟೇ ಪಾತ್ರೆ ಕೆಳಗಿಳಿಸಿದ ಹಾಗೆ, ನನ್ನ ಬಲಭುಜದ ಹಿಂದಿನಿಂದ. ಅವರು ಯಾವಾಗಲೂ ನಿಂತು ನನ್ನ ಹೊಲಿಗೆ ನೋಡುತ್ತಿದ್ದ ಜಾಗ ಅದೇ. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಕೈಯಲ್ಲಿ ಸೂಜಿ ಹಿಡಿದು ಕಲ್ಲಿನಂತೆ ಕುಳಿತೆ. ಮೆಲ್ಲಗೆ ತಲೆ ಎತ್ತಿದೆ, ವಾಸನೆ ಹೋಯಿತು. ಹಿಂದೆ ಯಾರೂ ಇರಲಿಲ್ಲ. ಪಾತ್ರೆ ಹಲಗೆಯ ಮೇಲೆ ಬೋರಲಾಗಿಯೇ ಇತ್ತು.

ನಿನ್ನ ಅತ್ತೆಯನ್ನು ಕರೆದೆ. ಅವಳು ನಾಯಿಯ ಹಾಗೆ ಮೂಸಿ ಮೂಸಿ ಏನೂ ಇಲ್ಲವೆಂದಳು. ಆಮೇಲೆ ಇಲಿ ಸತ್ತಿರಬೇಕೆಂದು ತೀರ್ಮಾನವಾಯಿತು. ಕಪಾಟು ಸರಿಸಿದೆವು, ರಟ್ಟಿನ ಕಟ್ಟುಗಳನ್ನೆಲ್ಲ ಬೀದಿಗೆ ಹಾಕಿದೆವು, ಒತ್ತುವ ಪ್ರೆಸ್ಸನ್ನು ನಾಲ್ಕು ಜನ ಸೇರಿ ಎತ್ತಿದೆವು, ಎರಡು ಕಲ್ಲುಚಪ್ಪಡಿ ಕೂಡ ಕೀಳಿಸಿದಳು. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದೆ, ನಮಗೆ ಅದೂ ಸಿಗಲಿಲ್ಲ. ಗೋಡೆಗೆ ಸುಣ್ಣ ಹೊಡೆಸಿದಳು, ಹಾಸಿಗೆ ಬಿಸಿಲಿಗೆ ಹಾಕಿದಳು. ನಾನು ಮತ್ತೆ ಮೇಜಿನ ಮುಂದೆ ಕುಳಿತು ತಲೆ ಬಗ್ಗಿಸಿದರೆ ಸುಣ್ಣದ ವಾಸನೆಯನ್ನು ತಳ್ಳಿಕೊಂಡು ಅವರ ಅಂಟಿನ ವಾಸನೆ ಬಂತು. ನಿನ್ನ ಅತ್ತೆ ನನ್ನ ಮುಖ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ‘ಅಣ್ಣ ಇನ್ನೂ ಹೋಗಿಲ್ಲ ಅತ್ತಿಗೆ’ ಎಂದಳು. ಅಂದಿನಿಂದ ಅವಳು ಆ ಕೋಣೆಗೆ ಕಾಲಿಡುವಾಗ ಬಾಗಿಲು ತಟ್ಟಿ ಬರುತ್ತಾಳೆ. ಅಣ್ಣನೆಂದರೆ ಆಗಲೂ ಹೆದರಿಕೆ, ಈಗಲೂ ಹೆದರಿಕೆ.

ನನಗೂ ಹೆದರಿಕೆಯಾಗಿತ್ತು. ಸುಳ್ಳು ಹೇಳುವುದಿಲ್ಲ. ಮೊದಮೊದಲು ಅಂಗಳದಲ್ಲಿ ಕುಳಿತು ಹೊಲಿಯಲು ನೋಡಿದೆ. ಅಲ್ಲೂ ಬಂತು. ಪಾತ್ರೆ ತೊಳೆಯಲು ಬಗ್ಗಿದರೆ ಅಲ್ಲಿ, ಚಪ್ಪಲಿ ಹುಡುಕಲು ಬಗ್ಗಿದರೆ ಅಲ್ಲಿ. ಬದುಕಿದ್ದಾಗ ಅಂಗಡಿ ಬಿಟ್ಟು ಅಲ್ಲಾಡದಿದ್ದ ಮನುಷ್ಯ, ಹೋದ ಮೇಲೆ ನನ್ನ ಹಿಂದೆ ಮನೆಯೆಲ್ಲ ಸುತ್ತುತ್ತಿದ್ದಾರಲ್ಲ ಎಂದು ಒಂದು ದಿನ ನಗು ಬಂದುಬಿಟ್ಟಿತು. ನಕ್ಕ ಮೇಲೆ ಹೆದರಿಕೆ ಹೋಯಿತು. ಆಮೇಲೆ ನಾನೇ ಮಾತಾಡಲು ಶುರುಮಾಡಿದೆ. ‘ಬಂದಿರಾ? ಕೂತ್ಕೊಳಿ. ದಾರ ಸಿಕ್ಕಾಗಿದೆ, ಸ್ವಲ್ಪ ತಡೀರಿ.’ ಹೀಗೇ. ಬೇರೆ ಹೆಂಗಸರಿಗೆ ಗಂಡ ಕನಸಿನಲ್ಲಿ ಬರುತ್ತಾನಂತೆ. ನನ್ನವರು ಹಾಡುಹಗಲಲ್ಲಿ, ತಲೆ ತಗ್ಗಿಸಿದರೆ ಸಾಕು, ಬರುತ್ತಿದ್ದರು. ನಾನು ಸುಖವಾಗಿದ್ದೆ ಕಣೇ. ನೀನು ಫೋನಿನಲ್ಲಿ ‘ಅಮ್ಮ ಪರವಾಗಿಲ್ಲ, ಗಟ್ಟಿಯಾಗಿದಾಳೆ’ ಎಂದು ಅಳಿಯಂದಿರಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಗಟ್ಟಿಯೂ ಇಲ್ಲ ಮಣ್ಣೂ ಇಲ್ಲ, ನನಗೆ ಜೊತೆಯಿತ್ತು, ಅಷ್ಟೇ.

ಇದನ್ನು ನಿನಗೆ ಹೇಳುವವಳಲ್ಲ ನಾನು. ನಿನ್ನ ಅತ್ತೆ ಬಾಯಿಬಿಟ್ಟಳು. ನೀನು ಗಾಬರಿಯಾಗುತ್ತೀ, ಅಳುತ್ತೀ, ನನ್ನನ್ನು ಯಾವುದಾದರೂ ತಲೆ ಡಾಕ್ಟರ ಹತ್ತಿರ ಕಳಿಸುತ್ತೀ ಎಂದುಕೊಂಡಿದ್ದೆ. ನೀನು ಅದ್ಯಾವುದೂ ಮಾಡದೆ, ‘ಅಮ್ಮಾ, ಆ ವಾಸನೆ ಮೂಗಿನ ಯಾವ ಹೊಳ್ಳೆಯಲ್ಲಿ ಬರುತ್ತೆ? ಎರಡರಲ್ಲೂನಾ, ಒಂದರಲ್ಲಾ?’ ಎಂದು ಕೇಳಿದೆ. ನನಗೆ ಮೈಯೆಲ್ಲ ಉರಿಯಿತು. ದೆವ್ವ ಯಾವ ಹೊಳ್ಳೆಯಲ್ಲಿ ಬರುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ? ಫೋನು ಇಟ್ಟುಬಿಟ್ಟೆ. ಆದರೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಮಾರನೆಯ ಬೆಳಗ್ಗೆ ಎಡಗಡೆಯ ಹೊಳ್ಳೆ ಒತ್ತಿಹಿಡಿದು ಬಗ್ಗಿದೆ, ವಾಸನೆ ಇತ್ತು. ಬಲಗಡೆಯದನ್ನು ಒತ್ತಿಹಿಡಿದು ಬಗ್ಗಿದೆ, ಇರಲಿಲ್ಲ. ಅವರು ನನ್ನ ಬಲಭುಜದ ಹಿಂದೆ ನಿಲ್ಲುತ್ತಿದ್ದರಲ್ಲ, ಅದಕ್ಕೇ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಮನಸ್ಸಿಗೆ ಬೇಕಾದದ್ದನ್ನು ನಂಬಲು ಎಷ್ಟು ಹೊತ್ತು ಬೇಕು?

ಆಗ ನೆನಪಾಯಿತು ಆ ತಲೆಬುರುಡೆ. ನೀನು ಹಲ್ಲಿನ ಡಾಕ್ಟರಿಕೆ ಓದುತ್ತಿದ್ದಾಗ ಕಾಲೇಜಿನಿಂದ ಹಳೆಯ ಟವೆಲಿನಲ್ಲಿ ಸುತ್ತಿ ತಂದಿದ್ದೆಯಲ್ಲ, ಕೆನ್ನೆಯ ಗೋಡೆಯನ್ನು ಕಿಟಕಿಯ ಹಾಗೆ ಕತ್ತರಿಸಿದ್ದು. ಅದನ್ನು ಮನೆಯೊಳಗೆ ತರಬೇಡ ಎಂದು ನಾನು ಕೂಗಾಡಿದೆ. ನಿಮ್ಮಪ್ಪ ಅಂಗಡಿಯ ಮೇಜಿನ ಮೇಲೆ ಜಾಗ ಮಾಡಿಕೊಟ್ಟು, ತಾವೇ ಮೊದಲ ವಿದ್ಯಾರ್ಥಿಯಾಗಿ ಕುಳಿತರು. ಮುಖವೆಂದರೆ ಗಟ್ಟಿ ಮೂಳೆಯಲ್ಲ, ಒಳಗೆ ಖಾಲಿ ಕೋಣೆಗಳಿವೆ ಎಂದು ನೀನು ಪಾಠ ಶುರುಮಾಡಿದೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡವು ಕೆನ್ನೆಯವು, ಒಂದೊಂದು ಕಡೆಗೆ ಒಂದೊಂದು. ಅದರ ಚಾವಣಿಯೇ ಕಣ್ಣಿಗೆ ನೆಲ. ಅದರ ನೆಲದ ಕೆಳಗೇ ಮೇಲಿನ ದವಡೆ ಹಲ್ಲುಗಳ ಬೇರು. ಕೆಲವರಿಗೆ ಬೇರಿನ ತುದಿಗೂ ಆ ಕೋಣೆಗೂ ನಡುವೆ ಇರುವ ಮೂಳೆ ಕಾಗದದಷ್ಟು ತೆಳುವಂತೆ, ಕೆಲವರಿಗೆ ಅದೂ ಇಲ್ಲವಂತೆ. ನಿಮ್ಮಪ್ಪ ಆ ಗೋಡೆಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ತಟ್ಟಿ, ಒಳ್ಳೆಯ ಕಾಗದವನ್ನು ನೋಡುವ ಹಾಗೆ ನೋಡಿದರು. ಆಮೇಲೆ ನೀನು ಇನ್ನೊಂದು ಮಾತು ಹೇಳಿದೆ. ಆ ಕೋಣೆಯಿಂದ ಮೂಗಿಗೆ ತೆರೆಯುವ ಬಾಗಿಲು ನೆಲದ ಹತ್ತಿರ ಇಲ್ಲ, ಚಾವಣಿಯ ಹತ್ತಿರ ಇದೆ. ಅದಕ್ಕೇ ನೆಟ್ಟಗೆ ಕುಳಿತರೆ ಒಳಗೆ ಸೇರಿಕೊಂಡದ್ದು ಸುಲಭವಾಗಿ ಹೊರಗೆ ಬರುವುದಿಲ್ಲ, ತಲೆ ಬಗ್ಗಿಸಿದರೆ ಬರುತ್ತದೆ. ‘ಇದನ್ನ ಕಟ್ಟಿದ ಮೇಸ್ತ್ರಿ ಯಾರಪ್ಪಾ, ನೀರು ಯಾವ ಕಡೆ ಹರಿಯುತ್ತೆ ಅಂತಲೂ ಗೊತ್ತಿಲ್ಲದೋನು!’ ಎಂದು ನಿಮ್ಮಪ್ಪ ನಕ್ಕರು. ಇಷ್ಟು ನಾಜೂಕಾಗಿ ಕಟ್ಟಿ ಖಾಲಿ ಬಿಟ್ಟಿದ್ದು ಯಾತಕ್ಕೆ ಎಂದು ಕೇಳಿದರು. ಯಾರಿಗೂ ಖಚಿತವಾಗಿ ಗೊತ್ತಿಲ್ಲ ಎಂದೆ ನೀನು. ‘ಗೊತ್ತಿಲ್ಲದಿದ್ದರೆ ಬಿಡು. ಯಾರಾದರೂ ಬಂದರೆ ಇರಲಿ ಅಂತ ಬಿಟ್ಟಿರ್ತಾರೆ’ ಎಂದರು.

ಅಂದು ಸಂಜೆ ನಿಮ್ಮಪ್ಪ ದೀಪ ಆರಿಸಿ, ಬಾಯಲ್ಲಿ ಟಾರ್ಚಿನ ತುದಿ ಇಟ್ಟುಕೊಂಡು ಕನ್ನಡಿ ಮುಂದೆ ನಿಂತದ್ದು ನೆನಪಿದೆಯೇ? ಎರಡೂ ಕೆನ್ನೆ ಕಣ್ಣಿನ ಕೆಳಗಿನವರೆಗೆ ಕೆಂಪಗೆ ಹೊಳೆದವು. ‘ಎರಡೂ ಖಾಲಿ ಇವೆ. ಬಾಡಿಗೆಗೆ ಕೊಡಬಹುದು’ ಎಂದು ಟಾರ್ಚು ಬಾಯಲ್ಲಿಟ್ಟುಕೊಂಡೇ ಹೇಳಿ ಜೊಲ್ಲು ಸುರಿಸಿದರು. ನೀನು ನೆಲದ ಮೇಲೆ ಹೊರಳಾಡಿ ನಕ್ಕಿದ್ದೆ. ನಾನು ಎದ್ದುಹೋಗಿದ್ದೆ. ಈಗ ಅನ್ನಿಸುತ್ತದೆ, ಅಂದು ಇನ್ನೊಂದು ಸ್ವಲ್ಪ ಹೊತ್ತು ಕುಳಿತು ನೋಡಬಹುದಾಗಿತ್ತು.

ಅದೆಲ್ಲ ನೆನಪಾದ ಮೇಲೂ ನಾನು ಹೋಗುತ್ತಿರಲಿಲ್ಲ. ನೀನು ಬಿಡಲಿಲ್ಲ. ನಿನ್ನ ಜೊತೆ ಓದಿದ ಗುಂಗುರು ಕೂದಲಿನವಳಿಗೆ ಫೋನು ಮಾಡಿ, ಅವಳ ಆಸ್ಪತ್ರೆಯಲ್ಲಿ ನನಗೊಂದು ಕುರ್ಚಿ ಕಾದಿರಿಸಿದೆ. ಒಳ್ಳೆಯ ಹುಡುಗಿ. ನಮ್ಮ ಮನೆಯಲ್ಲಿ ಉಂಡದ್ದು, ಅಂಗಡಿಯಲ್ಲಿ ಕುಳಿತು ತನ್ನ ಹರಕು ಪುಸ್ತಕ ಕಟ್ಟಿಸಿಕೊಂಡದ್ದು ಎಲ್ಲ ಜ್ಞಾಪಕ ಇಟ್ಟುಕೊಂಡಿದ್ದಾಳೆ. ನನ್ನ ಹಲ್ಲನ್ನೆಲ್ಲ ಒಂದು ಕಡ್ಡಿಯಿಂದ ತಟ್ಟಿ ನೋಡಿದಳು. ಮೇಲೆ ಬಲಗಡೆಯ ಮೊದಲ ದವಡೆ ಹಲ್ಲಿನ ಸದ್ದು ಬೇರೆಯಾಗಿತ್ತು, ನನಗೇ ಕೇಳಿಸಿತು. ತಣ್ಣನೆಯ ಹತ್ತಿ ಇಟ್ಟಳು, ಆ ಹಲ್ಲಿಗೇನೂ ಗೊತ್ತಾಗಲಿಲ್ಲ. ಹಳೆಯ ಕಾಲದ ಪರೀಕ್ಷೆ, ಆದರೂ ನೋಡೋಣ ಎಂದು ದೀಪ ಆರಿಸಿ ನನ್ನ ಬಾಯಲ್ಲಿ ಸಣ್ಣ ಟಾರ್ಚ್ ಇಟ್ಟಳು. ಕನ್ನಡಿ ನನ್ನ ಕೈಯಲ್ಲೇ ಇತ್ತು. ಎಡಗೆನ್ನೆ ಕೆಂಪಗೆ ಹೊಳೆಯಿತು. ಬಲಗೆನ್ನೆ ಕಪ್ಪಗಿತ್ತು. ಪಕ್ಕಪಕ್ಕದ ಎರಡು ಕೋಣೆಗಳಲ್ಲಿ ಒಂದರಲ್ಲಿ ದೀಪ, ಇನ್ನೊಂದರಲ್ಲಿ ಯಾರೋ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಕುಳಿತ ಹಾಗೆ. ಅವಳು ಅದನ್ನು ಕೀವು ಎಂದಳು. ನಾನು ಮನಸ್ಸಿನಲ್ಲೇ, ಬಾಡಿಗೆಗೆ ಬಂದಿದ್ದಾರೆ ಎಂದೆ.

ಎಕ್ಸ್-ರೇಯಲ್ಲಿ ಆ ಹಲ್ಲಿನ ಬೇರುಗಳು ಕೋಣೆಯ ನೆಲದಿಂದ ಒಳಗೆ ತಲೆ ಹಾಕಿದ್ದು ತೋರಿಸಿದಳು. ಹಲ್ಲು ಬುಡದವರೆಗೆ ಸೀಳಿತ್ತು. ಮೇಣದ ದಾರವನ್ನು ಕಚ್ಚಿ ಹಿಡಿದು ಗಂಟು ಬಿಗಿಯುವ ನನ್ನ ಚಾಳಿ ಗೊತ್ತಲ್ಲ, ಅದೇ ಹಲ್ಲು. ‘ಕತ್ತರಿ ಇರೋದು ಯಾತಕ್ಕೆ, ಅಲಂಕಾರಕ್ಕಾ?’ ಎಂದು ನಿಮ್ಮಪ್ಪ ದಿನಾ ಗದರುತ್ತಿದ್ದರು. ಆಮೇಲೆ ಗುಂಗುರು ಕೂದಲಿನವಳು ಒಂದು ಪ್ರಶ್ನೆ ಕೇಳಿದಳು. ಈ ಹಲ್ಲು ಯಾವಾಗಲಾದರೂ ಜೋರಾಗಿ ನೋಯುತ್ತಿದ್ದು ಆಮೇಲೆ ತಾನಾಗಿ ನಿಂತಿತ್ತೇ ಎಂದು. ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದ ಕೊನೆಯ ವಾರ ಆ ಹಲ್ಲು ನನ್ನ ಪ್ರಾಣ ತಿಂದಿತ್ತು. ಅವರ ನರಳಾಟದ ಮುಂದೆ ನನ್ನ ಹಲ್ಲುನೋವು ಹೇಳುವ ಮಾತೇ ಎಂದು ಸೆರಗು ಒತ್ತಿಹಿಡಿದು ಕುಳಿತಿದ್ದೆ. ಅವರು ಹೋದರು, ನೋವೂ ಹೋಯಿತು. ದುಃಖಕ್ಕೆ ಹೆದರಿ ಓಡಿಹೋಯಿತು ಎಂದುಕೊಂಡಿದ್ದೆ. ಅವಳು ಅದಕ್ಕೆ, ‘ಸತ್ತ ಹಲ್ಲು ನೋಯಲ್ಲ ಆಂಟಿ. ನೋವು ನಿಂತಿತು ಅಂದ್ರೆ ಆವಾಗಲೇ ಸತ್ತಿತು ಅಂತ’ ಎಂದಳು. ಇಬ್ಬರೂ ಒಂದೇ ವಾರ ಹೋಗಿದ್ದಾರೆ ಗುಬ್ಬೀ. ಒಬ್ಬರನ್ನು ಕಳಿಸಿಕೊಟ್ಟೆ, ಇನ್ನೊಬ್ಬರನ್ನು ಗೊತ್ತಿಲ್ಲದೆ ಬಾಯಲ್ಲಿಟ್ಟುಕೊಂಡು ಓಡಾಡಿದೆ.

ತೆಗೆಯಲೇಬೇಕು ಎಂದಳು. ತಡಮಾಡಿದರೆ ಕೀವು ಮೇಲಕ್ಕೆ, ಕಣ್ಣಿಗೆ ಏರಬಹುದು ಎಂದಳು. ನಾನು ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಅವಳು ನಿನಗೆ ದೂರು ಕೊಟ್ಟಳು, ನೀನು ನನ್ನನ್ನು ಬೈದೆ, ನಾನು ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿದೆ ಎಂದು ಫೋನು ಇಟ್ಟೆ. ಹಾಲು ಇರಲಿಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದಳಂತೆ, ಹಾಗಾಗಿತ್ತು ನನ್ನ ಕತೆ. ಕಲ್ಲುಚಪ್ಪಡಿ ಕಿತ್ತು ಹುಡುಕಿದ್ದು ನನ್ನ ಕೆನ್ನೆಯಲ್ಲೇ ಇತ್ತು. ಅದು ತಿಳಿದ ಮೇಲೂ ತೆಗೆಸಲು ಮನಸ್ಸಾಗಲಿಲ್ಲ. ನೀನು ತಿಳಿದಂತೆ ಇಕ್ಕಳಕ್ಕೆ ಹೆದರಿ ಅಲ್ಲ. ಆ ಹಲ್ಲು ಹೋದರೆ ಅವರು ಬರುವುದಿಲ್ಲ, ಅದಕ್ಕೆ. ನಿನ್ನ ಅತ್ತೆ, ‘ಅಷ್ಟು ಬೇಕಾದ್ರೆ ಒಂದು ಬಿಲ್ಲೆ ಅಂಟು ಕುದಿಸ್ಕೊಳಿ ಅತ್ತಿಗೆ, ವಾಸನೆ ತಾನೇ’ ಎಂದಳು. ಅವಳಿಗೆ ಹೇಗೆ ಹೇಳಲಿ? ನಾನೇ ಕುದಿಸಿದರೆ ಅದು ಅಂಟು. ಕರೆಯದೆ ಬರುತ್ತಿತ್ತಲ್ಲ, ಅದಕ್ಕೇ ಅದು ಅವರು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಕೆನ್ನೆ ಭಾರವಾಯಿತು, ಕಣ್ಣಿನ ಕೆಳಗೆ ಹೊಡೆದುಕೊಳ್ಳುತ್ತಿತ್ತು, ಸಂಜೆಯಾದರೆ ಜ್ವರ. ನಾನು ಹಟ ಬಿಡಲಿಲ್ಲ. ಕೆಲಸ ಇರಲಿ ಇಲ್ಲದಿರಲಿ ಮೇಜಿನ ಮುಂದೆ ಕುಳಿತು ತಲೆ ಬಗ್ಗಿಸುವುದು, ವಾಸನೆ ಬಂದರೆ ಹಾಗೇ ಇರುವುದು, ಹೋದರೆ ಎತ್ತಿ ಮತ್ತೆ ಬಗ್ಗಿಸುವುದು. ಒಮ್ಮೆ ತಲೆ ಎತ್ತಿದರೆ ನಿನ್ನ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಾಗಿಲು ತಟ್ಟುವುದನ್ನೂ ಮರೆತಿದ್ದಳು. ಅವಳು ಅಣ್ಣನಿಗೆ ಹೆದರಿದ್ದು ನೋಡಿದ್ದೇನೆ, ಅಂದು ಅವಳು ನನ್ನನ್ನು ನೋಡಿ ಹೆದರಿದ್ದಳು.

ಹೋದ ಭಾನುವಾರ ಆ ನಿಘಂಟನ್ನು ಮುಗಿಸಿಬಿಡಬೇಕೆಂದು ಕುಳಿತೆ. ಬಲಗಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಬಗ್ಗಿದೆ, ಅವರು ಬಂದರು, ಅವರ ಜೊತೆ ಮಾತಾಡುತ್ತಾ ಹೊಲಿಯುತ್ತಾ ಹೋದೆ. ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡು ಪುಸ್ತಕ ತಿರುವಿದರೆ ಒಂದಿಡೀ ಫಾರಂ, ಹದಿನಾರು ಪುಟದ ಮಡಿಕೆ, ತಲೆಕೆಳಗಾಗಿ ಕುಳಿತಿದೆ. ಅದರ ಮೇಲೆ ಇನ್ನೂ ಐದಾರು ಫಾರಂ ಹೊಲಿದಿದ್ದೇನೆ. ಇಂಥ ತಪ್ಪು ಮಾಡುವಾಗ ಸೂಜಿ ಕಾಗದ ಮುಟ್ಟುವ ಮೊದಲೇ ನನ್ನ ಹಿಂದೆ ಕೆಮ್ಮು ಕೇಳಿಸುತ್ತಿತ್ತು. ನಿಮ್ಮಪ್ಪನ ಆ ಕೆಮ್ಮು ನಿನಗೂ ಗೊತ್ತು. ಬೈಗುಳಕ್ಕಿಂತ ಕೆಟ್ಟದ್ದು. ಆ ಮನುಷ್ಯ ಜ್ವರದಲ್ಲಿ ಮಲಗಿದ್ದಾಗಲೂ ಒಳಗಿನ ಕೋಣೆಯಿಂದ ಕೆಮ್ಮಿ ನನ್ನ ಹೊಲಿಗೆ ಬಿಚ್ಚಿಸಿದ್ದಾರೆ. ಅಂದು ಇಡೀ ಮಧ್ಯಾಹ್ನ ಅವರು ಪಕ್ಕದಲ್ಲೇ ಇದ್ದರು ಎಂದು ನಾನು ನಂಬಿದ್ದೆ, ಮೇಷ್ಟ್ರ ನಿಘಂಟಿನ ಪುಟಗಳು ತಲೆಕೆಳಗಾಗಿ ಹೋದವು, ಯಾರೂ ಕೆಮ್ಮಲಿಲ್ಲ.

ಅವರಿದ್ದಿದ್ದರೆ ಅದನ್ನು ಹಾಗೆ ಹೋಗಲು ಬಿಡುತ್ತಿರಲಿಲ್ಲ. ಸತ್ತು ಹೋಗಿದ್ದರೂ ಬಿಡುತ್ತಿರಲಿಲ್ಲ. ಪುಸ್ತಕ ಮುಚ್ಚಿಟ್ಟು, ಮುಖ ತೊಳೆದು, ನಿನ್ನ ಅತ್ತೆಗೆ ‘ನಾಳೆ ನನ್ನ ಜೊತೆ ಬಾ’ ಎಂದೆ. ಅವಳು ಆಗಲೇ ಹೋಗಿ ನನ್ನ ಎಕ್ಸ್-ರೇ ಹುಡುಕಿ ಚೀಲಕ್ಕೆ ಹಾಕಿದಳು.

ಹಾಗಾಗಿ, ತೆಗೆಸಿದೆ. ಸೋಮವಾರ.

ನಿನಗೆ ಗೊತ್ತಿರುವ ವಿದ್ಯೆಯನ್ನು ನಾನೇನು ವರ್ಣಿಸಲಿ. ಮರಗಟ್ಟಿದ ದವಡೆಗೆ ನೋವಿರಲಿಲ್ಲ, ಸದ್ದಿತ್ತು. ತಲೆಯೊಳಗೇ ಹಳೆಯ ಪುಸ್ತಕದ ರಟ್ಟು ಕಿತ್ತ ಹಾಗೆ. ಸೀಳಿದ್ದರಿಂದ ಹಲ್ಲು ತುಂಡು ತುಂಡಾಗಿ ಬಂತು, ಅಂಗುಳಿನ ಕಡೆಯ ಬೇರು ಕೊನೆಗೆ. ಅದು ಕಳಚಿದ ಕೂಡಲೇ ವಾಸನೆ ಬಂತು. ನನ್ನ ಮೂಗಿನೊಳಗೆ ಮಾತ್ರ ಅಲ್ಲ, ಕೋಣೆಯಲ್ಲಿ. ಪಕ್ಕದ ನರ್ಸ್ ಮುಖ ತಿರುಗಿಸಿದಳು. ಒಂದು ವರ್ಷದಲ್ಲಿ ನನ್ನ ಹೊರತು ಇನ್ನೊಬ್ಬರಿಗೆ ಅದು ಬಂದದ್ದು ಅದೊಂದೇ ಸಲ. ನಾನು ಹುಚ್ಚಿಯಲ್ಲ ಎಂದು ಸಮಾಧಾನವಾಯಿತು, ಅವರನ್ನು ಎಲ್ಲರ ಮುಂದೆ ಬಟ್ಟೆಯಿಲ್ಲದೆ ನಿಲ್ಲಿಸಿದ ಹಾಗೆ ನಾಚಿಕೆಯೂ ಆಯಿತು. ಗುಂಗುರು ಕೂದಲಿನವಳ ಕೈ ನಿಂತಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದಳು, ಕಣ್ಣು ಮಾತ್ರ ಕಾಣುತ್ತಿತ್ತು. ‘ಆಂಟಿ, ಇದು ಅಂಕಲ್ ಅಂಗಡಿ ವಾಸನೆ’ ಎಂದಳು. ಆಮೇಲೆ ಡಾಕ್ಟರಾಗಿ, ಆ ಹಲ್ಲಿನಲ್ಲಿ ಹಿಂದೆ ಯಾರೋ ತುಂಬಿದ್ದ ಸಿಮೆಂಟಿನಲ್ಲಿ ಲವಂಗದೆಣ್ಣೆ ಇರುತ್ತದೆ, ಕೀವಿನ ಜೊತೆ ಸೇರಿ ಹಾಗಾಗಿದೆ ಎಂದು ವಿವರಿಸಿದಳು. ಸರಿ ಇರಬಹುದು. ಆದರೆ ಮೊದಲು ಬಂದ ಮಾತು ಡಾಕ್ಟರದಲ್ಲ, ನಮ್ಮ ಮನೆಯಲ್ಲಿ ಉಂಡ ಹುಡುಗಿಯದು. ಅದನ್ನು ನಾನು ಎತ್ತಿಟ್ಟುಕೊಂಡಿದ್ದೇನೆ.

ಒಳಗಿನ ಕೋಣೆಯನ್ನು ನೀರು ಹಾಕಿ ತೊಳೆದಳು. ಬಾಯಿಗೆ ಬಿಟ್ಟ ನೀರು ಮೂಗಿನಿಂದ ಇಳಿಯಿತು. ಮೂಗು ಹಿಡಿದು ಮೆಲ್ಲಗೆ ಊದಲು ಹೇಳಿದಳು, ಹಲ್ಲಿದ್ದ ಜಾಗದಿಂದ ಗಾಳಿ ಸುಯ್ಯೆಂದು ಬಾಯಿಗೆ ಬಂತು, ಬಾಗಿಲ ಸಂದಿಯಿಂದ ಬರುವ ಹಾಗೆ. ನೆಲ ತೂತಾಗಿದೆ ಎಂದಳು. ಒಸಡನ್ನು ಎಳೆದು ಮುಚ್ಚಿ ಹೊಲಿದಳು. ಹೊಲಿಗೆ ನನ್ನ ಕಸುಬಲ್ಲವೇ, ಮರಗಟ್ಟಿದ್ದರೂ ಎಳೆತದಲ್ಲೇ ಗೊತ್ತಾಯಿತು: ಒಳ್ಳೆಯ ಗಂಟು ಹಾಕುತ್ತಾಳೆ. ಆಮೇಲೆ ಬಟ್ಟೆಯ ಉಂಡೆ ಕಚ್ಚಿಸಿ, ಒತ್ತಿ ಹಿಡಿಯಿರಿ, ಮಾತಾಡಬೇಡಿ ಎಂದಳು. ನಿಮ್ಮಪ್ಪ ಪುಸ್ತಕವನ್ನು ಪ್ರೆಸ್ಸಿಗೆ ಹಾಕಿ, ಅವಸರ ಮಾಡುವ ಗಿರಾಕಿಗೆ ಹೇಳುತ್ತಿದ್ದ ಮಾತು ಅದೇ ಅಲ್ಲವೇ? ‘ಒತ್ತು, ಒಣಗಲಿ, ಆಮೇಲೆ ಮಾತು.’

ಈಗ ನನಗೆ ನೂರೆಂಟು ನಿಯಮ. ಮೂಗು ಸೀಟಬಾರದು, ನಳಿಕೆಯಲ್ಲಿ ಹೀರಬಾರದು, ಬಾಯಿ ಮುಕ್ಕಳಿಸಿ ಜೋರಾಗಿ ಉಗಿಯಬಾರದು, ಬಗ್ಗಬಾರದು. ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಬೇಕು. ಹಾಗೆ ಸೀನಿದಾಗ ನಿನ್ನ ಅತ್ತೆ ಕೈಯಲ್ಲಿದ್ದ ಲೋಟ ಬಿಟ್ಟಳು. ಗಂಜಿ ಕುಡಿದು ಬದುಕಿದ್ದೇನೆ. ಜ್ವರ ಇಳಿದಿದೆ, ಕಣ್ಣು ಚೆನ್ನಾಗಿದೆ, ನೀನು ಹೆದರಬೇಡ.

ನಿನ್ನೆ ಬಗ್ಗಿದೆ. ಬೈಯಬೇಡ. ನಿಘಂಟಿನ ತಪ್ಪು ಹೊಲಿಗೆಯನ್ನೆಲ್ಲ ಬಿಚ್ಚಿ, ಫಾರಂ ತಿರುಗಿಸಿ, ಮತ್ತೆ ಹೊಲಿದು ಮುಗಿಸಿದೆ. ದಾರವನ್ನು ಕತ್ತರಿಯಲ್ಲೇ ಕತ್ತರಿಸಿದೆ. ಬೆನ್ನಿಗೆ ಬಾಟಲಿಯ ಬಿಳಿ ಅಂಟು ಹಚ್ಚಿದೆ, ಅದಕ್ಕೆ ವಾಸನೆಯೇ ಇಲ್ಲ. ಅಷ್ಟು ಹೊತ್ತೂ ತಲೆ ಬಗ್ಗಿಸಿಯೇ ಇದ್ದೆ. ಏನೂ ಬರಲಿಲ್ಲ. ಕಾಗದ, ಮೇಣ, ಸುಣ್ಣ, ಅಷ್ಟೇ. ಪಾತ್ರೆ ಇಳಿಸಿ ಮೂಸಿದೆ, ಬರೀ ಕಬ್ಬಿಣ. ಆ ಹುಡುಗಿ ಇನ್ನೊಂದು ಮಾತು ಹೇಳಿದ್ದಳು. ದವಡೆ ಹಲ್ಲು ಹೋದ ಕಡೆ ಆ ಕೋಣೆಯ ನೆಲ ವರ್ಷ ಕಳೆದಂತೆ ಮೆಲ್ಲಗೆ ಕೆಳಗಿಳಿಯುತ್ತದಂತೆ, ಕೋಣೆ ದೊಡ್ಡದಾಗುತ್ತದಂತೆ. ಇರುವವರು ಎದ್ದುಹೋದ ಮೇಲೆ ಬೆಳೆಯುವ ಕೋಣೆ. ನೀನು ಇದನ್ನು ಮಕ್ಕಳಿಗೆ ಪಾಠವಾಗಿ ಹೇಳುತ್ತೀಯಲ್ಲ, ಹೇಗೆ ಹೇಳುತ್ತೀ ಎಂದು ಒಮ್ಮೆ ಕೇಳಬೇಕು.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ತಾನೂ ಕೇಳಿದ್ದಾಗಿ ತಿಳಿಸಿ ಎನ್ನುತ್ತಾ ನಿನ್ನ ಅತ್ತೆ ಬಾಗಿಲಲ್ಲಿ ನಿಂತಿದ್ದಾಳೆ. ಇನ್ನೂ ತಟ್ಟಿಯೇ ಬರುತ್ತಾಳೆ, ನಾನೂ ಬೇಡವೆನ್ನಲು ಹೋಗಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಕೈಗೆತ್ತಿಕೊಂಡ ಕೆಲಸವೆಲ್ಲ ನಿನಗೆ ಕೈಗೂಡಲಿ, ಹಲ್ಲು ಕೊನೆಯವರೆಗೆ ಗಟ್ಟಿಯಾಗಿರಲಿ.

ಇಂತಿ,
ಒಂದು ಹಲ್ಲು ಕಡಿಮೆಯಾದ
ನಿನ್ನ ಅಮ್ಮ

ತಾ.ಕ.: ಮಡಿಸಿದ ಕಾಗದ ಮತ್ತೆ ಬಿಚ್ಚಿದ್ದೇನೆ, ಅಂಚೆಗೆ ಹೊತ್ತಾಯಿತು. ಕೇಳಬೇಕಾದದ್ದನ್ನೇ ಕೇಳಿರಲಿಲ್ಲ. ನಿಮ್ಮಪ್ಪ ಹೋದ ದಿನ ನಾನು ಅಳಲಿಲ್ಲ, ನೀನೂ ಅಳಲಿಲ್ಲ, ಬಂದವರೆಲ್ಲ ಗುಸುಗುಸು ಮಾತಾಡಿಕೊಂಡರು. ಆಮೇಲೆ ನನಗೆ ಅಳು ಬರಲೇ ಇಲ್ಲ, ಅವರು ಬರುತ್ತಿದ್ದರಲ್ಲ. ನಿನ್ನೆ ಪಾತ್ರೆ ಮೂಸಿ ಕೆಳಗಿಟ್ಟಾಗ ಬಂತು ಗುಬ್ಬೀ, ಒಂದು ವರ್ಷದ ಅಳು ಒಟ್ಟಿಗೆ. ಹಲ್ಲು ಕಚ್ಚಿ ತಡೆದುಕೊಂಡೆ. ಅತ್ತರೆ ಮೂಗು ಕಟ್ಟುತ್ತದೆ, ಕಟ್ಟಿದರೆ ಸೀಟಬೇಕಾಗುತ್ತದೆ, ಸೀಟಿದರೆ ಹೊಲಿಗೆ ಬಿಚ್ಚುತ್ತದೆ. ತಿಂಗಳ ಕೊನೆಗೆ ಗುಂಗುರು ಕೂದಲಿನವಳು ನೋಡಿ, ಗಾಯ ಕೂಡಿದ್ದರೆ ಇನ್ನು ಸೀಟಬಹುದು ಎನ್ನುತ್ತಾಳಂತೆ. ಆ ಹೊತ್ತಿಗೆ ರಜೆ ಹಾಕಿ ಬಾ. ಅಲ್ಲಿಯವರೆಗೆ ಹೇಗಾದರೂ ತಡೆದುಕೊಂಡಿರುತ್ತೇನೆ. ಒಬ್ಬಳೇ ಅಳಲು ನನಗೆ ಭಯವಾಗುತ್ತದೆ.